ಕೈಯ ಅರಿವು, ಕಡತದ ಅರಿವು

ಒಂದು ಸಂಸ್ಥೆಯ ಆಸ್ತಿ ಏನೆಂದು ಕೇಳಿದರೆ ಲೆಕ್ಕದ ಪುಸ್ತಕವು ಕಟ್ಟಡ, ಯಂತ್ರ, ಬಂಡವಾಳಗಳನ್ನು ತೋರಿಸುತ್ತದೆ. ಅಲ್ಲಿ ದುಡಿಯುವವರ ಅರಿವಿಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಮೂವತ್ತು ವರ್ಷ ದುಡಿದವರಿಗೆ ಹಾರ ಹಾಕಿ, ಶಾಲು ಹೊದಿಸಿ ಬೀಳ್ಕೊಡುವ ಸಮಾರಂಭಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಬೀಗದ ಕೈ, ಕಡತ, ಉಪಕರಣಗಳನ್ನು ಪಟ್ಟಿಮಾಡಿ ಹಿಂದಕ್ಕೆ ಪಡೆಯುತ್ತಾರೆ. ಅನುಭವವನ್ನು ಕೇಳಿ ಪಡೆದವರನ್ನು ಕಂಡದ್ದು ಅಪರೂಪ. ಒಬ್ಬರ ಅರಿವು ಅವರೊಡನೆಯೇ ಹೊರಟುಹೋಗುವುದು ಅನಿವಾರ್ಯವೇ? ಅದು ಎಲ್ಲರ ಅರಿವಾಗುವ ಬಗೆ ಹೇಗೆ?

ಅರಿವಿನಲ್ಲಿ ಎರಡು ಬಗೆ. ಬರೆದಿಡಬಹುದಾದದ್ದು ಒಂದು, ಕೈಗೂ ಕಣ್ಣಿಗೂ ಮಾತ್ರ ಗೊತ್ತಿರುವುದು ಇನ್ನೊಂದು. ರಸಾಯನ ವಿಜ್ಞಾನಿಯಾಗಿದ್ದು ತತ್ತ್ವಚಿಂತನೆಯತ್ತ ಹೊರಳಿದ ಮೈಕೆಲ್ ಪೊಲಾನಿ ೧೯೬೬ರ ತಮ್ಮ ಗ್ರಂಥದಲ್ಲಿ ಈ ಎರಡನೆಯ ಬಗೆಯನ್ನು ವಿವೇಚಿಸಿದರು. ನಮ್ಮ ಅಡುಗೆಮನೆಗೆ ಇದು ಹೊಸ ವಿಷಯವಲ್ಲ. 'ಹದ' ಎಂಬ ಪದವೇ ಅದಕ್ಕೆ ಸಾಕ್ಷಿ. 'ಒಂದೆಳೆ ಪಾಕ' ಎಂಬ ಮಾತನ್ನು ಗಮನಿಸಿ. ಕುದಿದ ಪಾಕದ ತೊಟ್ಟೊಂದನ್ನು ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ಒಂದು ಎಳೆ ನಿಲ್ಲಬೇಕು. ಯಾರೋ ತಮ್ಮ ಬೆರಳಿನ ಅರಿವಿಗೆ ಹೆಸರಿಟ್ಟರು. ಆ ಹೆಸರು ಮನೆಯಿಂದ ಮನೆಗೆ ಹರಡಿತು. ಆದರೂ ಕೇಳಿದವರು ಒಲೆಯ ಮುಂದೆ ನಿಂತು ತಮ್ಮ ಬೆರಳುಗಳಿಂದಲೇ ಅದನ್ನು ಮತ್ತೆ ಕಲಿಯಬೇಕು. ಕೈಯಿಂದ ಮಾತಿಗೆ, ಮಾತಿನಿಂದ ಮರಳಿ ಕೈಗೆ: ಅರಿವು ಸಾಗುವ ದಾರಿ ಇದೇ.

ದೊಡ್ಡ ಉದ್ಯಮಗಳಲ್ಲಿಯೂ ದಾರಿ ಬೇರೆಯಲ್ಲ ಎಂಬುದನ್ನು ಜಪಾನಿನ ವಿದ್ವಾಂಸ ಇಕುಜಿರೊ ನೊನಾಕಾ ತೋರಿಸಿಕೊಟ್ಟರು. ಅವರು ೧೯೯೧ರ ಲೇಖನವೊಂದರಲ್ಲಿ ವಿವರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ೧೯೮೫ರಲ್ಲಿ ಒಸಾಕಾದ ಮತ್ಸುಶಿಟಾ ಕಂಪನಿ ಮನೆಯಲ್ಲಿಯೇ ಬ್ರೆಡ್ ಮಾಡುವ ಯಂತ್ರವನ್ನು ನಿರ್ಮಿಸಲು ಹೊರಟಿತ್ತು. ಯಂತ್ರ ನಾದಿದ ಹಿಟ್ಟಿನ ಬ್ರೆಡ್ ಹೊರಗೆ ಸೀದು ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ಹಿಟ್ಟಿನ ಎಕ್ಸ್-ರೇ ಚಿತ್ರಗಳನ್ನು ತೆಗೆದು ಹೋಲಿಸಿದರೂ ಗುಟ್ಟು ಹೊಳೆಯಲಿಲ್ಲ. ಆಗ ಇಕುಕೊ ತನಾಕಾ ಎಂಬ ತಂತ್ರಜ್ಞೆ ಒಳ್ಳೆಯ ಬ್ರೆಡ್ಡಿಗೆ ಹೆಸರಾದ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿಗೆ ಹೋಗಿ, ಅಲ್ಲಿನ ಮುಖ್ಯ ಬ್ರೆಡ್ ತಯಾರಕರ ಬಳಿ ಶಿಷ್ಯವೃತ್ತಿ ಮಾಡಿದರು. ಅವರು ಹಿಟ್ಟನ್ನು ಹಿಗ್ಗಿಸುವಾಗ ತಿರುಚುತ್ತಲೂ ಇದ್ದರೆಂಬುದು ಆಕೆಯ ಕಣ್ಣಿಗೆ ಬಿತ್ತು. 'ತಿರುಚಿ ಹಿಗ್ಗಿಸುವುದು' ಎಂಬ ಮಾತು ಎಂಜಿನಿಯರುಗಳಿಗೆ ದಾರಿ ತೋರಿತು. ಒಂದು ವರ್ಷದ ಪ್ರಯೋಗಗಳ ನಂತರ ಯಂತ್ರದೊಳಗೆ ವಿಶೇಷವಾದ ಏಣುಗಳನ್ನು ಅಳವಡಿಸಿ, ಆ ಕೈಚಳಕವನ್ನು ಅನುಕರಿಸಲು ಸಾಧ್ಯವಾಯಿತು. ಎಕ್ಸ್-ರೇಗೆ ಕಾಣದ್ದು ಜೊತೆಯಲ್ಲಿ ನಿಂತು ದುಡಿದವರಿಗೆ ಕಂಡಿತು ಎಂಬುದೇ ಇಲ್ಲಿನ ಸ್ವಾರಸ್ಯ.

ಈ ಚಲನೆಯನ್ನು ನೊನಾಕಾ ನಾಲ್ಕು ಹಂತಗಳಾಗಿ ವಿಂಗಡಿಸಿದರು. ಒಡನಾಟದಲ್ಲಿ ಕಲಿಯುವುದು, ಕಲಿತದ್ದನ್ನು ಮಾತಿಗೆ ತರುವುದು, ಆ ಮಾತನ್ನು ಉಳಿದ ತಿಳಿವಳಿಕೆಯೊಡನೆ ಬೆಸೆಯುವುದು, ಕಡೆಗೆ ಅದನ್ನು ಪ್ರತಿಯೊಬ್ಬರೂ ಮೈಗೂಡಿಸಿಕೊಳ್ಳುವುದು. ನಾಲ್ಕರಲ್ಲಿ ನಮ್ಮ ಕಚೇರಿಗಳು ಒಪ್ಪಿಕೊಳ್ಳುವುದು ಮೂರನೆಯದನ್ನು ಮಾತ್ರ: ಸುತ್ತೋಲೆ, ಕೈಪಿಡಿ, ವರದಿ. ಮೊದಲನೆಯದನ್ನು ಅವು ಹರಟೆಯೆಂದು ಬಗೆಯುತ್ತವೆ.

ಆ ಹರಟೆಯ ಬೆಲೆಯನ್ನು ಅರಿಯಲು ಅಮೆರಿಕದ ಜೆರಾಕ್ಸ್ ಕಂಪನಿಯ ನಿದರ್ಶನವನ್ನು ನೋಡಬೇಕು. ಅಲ್ಲಿ ನಕಲು ಯಂತ್ರಗಳನ್ನು ದುರಸ್ತಿ ಮಾಡುವವರ ಕೆಲಸವನ್ನು ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಅವರ ಜೊತೆಗೇ ಓಡಾಡಿ ಅಧ್ಯಯನ ಮಾಡಿದರು. ಅವರ ಗ್ರಂಥ ೧೯೯೬ರಲ್ಲಿ ಪ್ರಕಟವಾಯಿತು. ಕೈಪಿಡಿಯಲ್ಲಿಲ್ಲದ ದೋಷಗಳನ್ನು ಈ ಕೆಲಸಗಾರರು ಪರಿಹರಿಸುತ್ತಿದ್ದುದು ಊಟ ತಿಂಡಿಯ ಹೊತ್ತಿನಲ್ಲಿ ಹೇಳಿಕೊಳ್ಳುತ್ತಿದ್ದ ಕಥೆಗಳ ನೆರವಿನಿಂದ. ಅದೇ ದಶಕದಲ್ಲಿ ಕಂಪನಿಯು ಇಂಥ ಅನುಭವಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುವ 'ಯುರೇಕಾ' ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಒಬ್ಬರು ಬರೆದ ಸಲಹೆಯನ್ನು ಅದೇ ಕೆಲಸ ಬಲ್ಲವರು ಪರೀಕ್ಷಿಸುತ್ತಿದ್ದರು. ಒಪ್ಪಿಗೆಯಾದರೆ ಬರೆದವರ ಹೆಸರಿನೊಡನೆ ಅದು ಎಲ್ಲರಿಗೂ ದೊರೆಯುತ್ತಿತ್ತು. ಅವರಿಗೆ ಹಣದ ಬಹುಮಾನಕ್ಕಿಂತ ಆ ಹೆಸರು ದೊಡ್ಡದಾಗಿತ್ತು.

ಈ ಕೊನೆಯ ಅಂಶವೇ ನನಗೆ ಮುಖ್ಯವಾಗಿ ತೋರುತ್ತದೆ. ತಾನು ಬಲ್ಲದ್ದನ್ನು ಹೇಳಿಕೊಟ್ಟ ಮೇಲೆ ತನ್ನ ಅಗತ್ಯ ಉಳಿಯದೆಂಬ ಅಂಜಿಕೆ ಇರುವಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಅದು ಅವರ ಸಂಕುಚಿತ ಬುದ್ಧಿಯಲ್ಲ; ಅನ್ನದ ಪ್ರಶ್ನೆ. ಆದ್ದರಿಂದ ಅರಿವು ಹರಿಯಬೇಕೆಂದು ಬಯಸುವ ಸಂಸ್ಥೆ ಮೊದಲು ಆ ಅಂಜಿಕೆಯನ್ನು ಕಳೆಯಬೇಕು. ಹಿರಿಯರು ನಿವೃತ್ತರಾಗುವುದಕ್ಕೆ ಎರಡು ವರ್ಷ ಮುಂಚೆಯೇ ಕಿರಿಯರೊಬ್ಬರನ್ನು ಅವರ ಪಕ್ಕದಲ್ಲಿ ನಿಲ್ಲಿಸಬೇಕು; ಕಲಿಸುವುದನ್ನೂ ಕೆಲಸವೆಂದೇ ಎಣಿಸಿ ಅದಕ್ಕೆ ವೇಳೆ ಕೊಡಬೇಕು; ಕಲಿಸಿದವರ ಹೆಸರು ಉಳಿಯುವಂತೆ ನೋಡಿಕೊಳ್ಳಬೇಕು. ಇದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಕೈಯಿಂದ ದುಡಿಯುವವರೂ ಬಲ್ಲವರೇ ಎಂಬ ಗೌರವ ಆಡಳಿತಗಾರರಲ್ಲಿ ಇದ್ದರೆ ಸಾಕು.