ಬೆಳಗಾವಿಗೆ ಹೋದಾಗ ಕಾಂಗ್ರೆಸ್ ಬಾವಿ ನೋಡಿ ಬನ್ನಿ

ಸಮಡೋಳಿ: ಬೀಗರ ಮನೆಗೆ, ಮದುವೆಗೆ, ಮುಂಜಿಗೆ ಎಂದು ನಮ್ಮ ಭಾಗದ ಜನ ಬೆಳಗಾವಿಗೆ ಹೋಗಿಬರುವುದು ಇದ್ದೇ ಇದೆ. ಹಾಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಒಂದು ತಾಸು ಟಿಳಕವಾಡಿಯ ಕಾಂಗ್ರೆಸ್ ಬಾವಿಯ ಉದ್ಯಾನಕ್ಕೂ ಹೋಗಿ ಬನ್ನಿ.

ಮಹಾತ್ಮಾ ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದದ್ದು ಜೀವನದಲ್ಲಿ ಒಂದೇ ಸಲ. ಅದು ನಡೆದದ್ದು ಇಲ್ಲಿಯೇ, 1924ರ ಡಿಸೆಂಬರ್ 26 ಮತ್ತು 27ರಂದು. ಅದೇ 1924ರಲ್ಲಿ ನಮ್ಮ ಸಮಡೋಳಿಯಲ್ಲಿ ಶಾಂತಿಸಾಗರ ಮಹಾರಾಜರಿಗೆ ಆಚಾರ್ಯ ಪದವಿ ದೊರೆಯಿತು. ಅವರು ಬೆಳಗಾವಿ ಜಿಲ್ಲೆಯ ಭೋಜದ ಕಡೆಯವರು.

ಬಾವಿ ಯಾಕೆ?

ಆಗ ಈ ಜಾಗ ಊರ ಹೊರಗಿನ ಬಯಲು. ಸಾವಿರಾರು ಜನ ಬಂದು ಇಳಿದುಕೊಳ್ಳುವವರಿದ್ದರು. ಅವರಿಗೆ ನೀರು ಬೇಕಲ್ಲ? ಅದಕ್ಕಾಗಿ ಈ ಬಾವಿ ತೋಡಿಸಿದರು. ಅಧಿವೇಶನದ ನಗರಕ್ಕೆ ವಿಜಯನಗರ ಎಂದೂ ಬಾವಿಗೆ ಪಂಪಾ ಸರೋವರ ಎಂದೂ ಹೆಸರಿಟ್ಟರು. ಚಪ್ಪರ, ಗುಡಿಸಲು ಎಲ್ಲ ಆಗಲೇ ಕಿತ್ತು ಹೋದವು. ಉಳಿದದ್ದು ಬಾವಿ. ಈಗ ಅದರ ಸುತ್ತ ಉದ್ಯಾನವಿದೆ, ಗಾಂಧೀಜಿಯ ಪ್ರತಿಮೆ ಇದೆ. ಪಕ್ಕದ ವೀರಸೌಧದಲ್ಲಿ ಆ ಕಾಲದ ಫೋಟೋಗಳಿವೆ. ಮೊದಲು ಫೋಟೋ ನೋಡಿ ಆಮೇಲೆ ಬಾವಿಗೆ ಬಂದರೆ ಎಲ್ಲ ಚೆನ್ನಾಗಿ ಅರ್ಥವಾಗುತ್ತದೆ.

ಎರಡೂ ಭಾಷೆಯವರ ಜಾಗ

ಅಧಿವೇಶನದ ಮುಂದಾಳು ಹುದಲಿಯ ಗಂಗಾಧರರಾವ್ ದೇಶಪಾಂಡೆ. ಲೋಕಮಾನ್ಯ ಟಿಳಕರ ಅನುಯಾಯಿ. ಜನ ಅವರನ್ನು ಕರ್ನಾಟಕ ಸಿಂಹ ಎಂದು ಕರೆದರು. ಅವರು ತಮ್ಮ ಆತ್ಮಕಥೆ ಬರೆದದ್ದು ಮರಾಠಿಯಲ್ಲಿ! ಅಧಿವೇಶನದ ವೇಳೆಗೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಕೂಡಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಅಧಿವೇಶನದಲ್ಲಿ ಮೊಳಗಿತು. ಕನ್ನಡದ ಅಭಿಮಾನಕ್ಕೆ ಮರಾಠಿ ಅಡ್ಡ ಬರಲಿಲ್ಲ, ಮರಾಠಿಗೆ ಕನ್ನಡ ಅಡ್ಡ ಬರಲಿಲ್ಲ.

ಗಡಿಯ ಜಗಳ ಏನೇ ಇರಲಿ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು. ಎರಡು ಭಾಷೆ ಇರುವುದು ಕೊರತೆಯಲ್ಲ. ಈ ಬಾವಿಯ ನೀರು ಕುಡಿದವರಲ್ಲಿ ಎರಡೂ ಭಾಷೆಯವರಿದ್ದರು.

ಹೋಗುವುದು ಹೇಗೆ?

ಮಿರಜದಲ್ಲಿ ಲೋಂಡಾ ಕಡೆಯ ರೈಲು ಹತ್ತಿದರೆ ಕುಡಚಿ, ರಾಯಬಾಗ, ಘಟಪ್ರಭಾ ದಾಟಿ ಬೆಳಗಾವಿ. ನಿಲ್ದಾಣದಿಂದ ಟಿಳಕವಾಡಿಗೆ ರಿಕ್ಷಾ ಸಿಗುತ್ತದೆ. ಕಾಂಗ್ರೆಸ್ ಬಾವಿ ಎನ್ನಿ, ಕಾಂಗ್ರೆಸ್ ವಿಹೀರ ಎನ್ನಿ, ರಿಕ್ಷಾದವರು ಕರೆದೊಯ್ಯುವುದು ಒಂದೇ ಜಾಗಕ್ಕೆ. ಬಾವಿಯೊಳಗೆ ಮಾತ್ರ ಬಾಟಲಿ, ಚೀಲ ಎಸೆಯಬೇಡಿ.