ಆರತಿ ತಟ್ಟೆಯ ಕರ್ಪೂರ

ಕರ್ಪೂರದ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಬಿಲ್ಲೆಗಳು ದಿನದಿಂದ ದಿನಕ್ಕೆ ಸವೆಯುತ್ತವೆ. ಡಬ್ಬಿಯ ತಳದಲ್ಲಿ ಪಸೆ ಇರುವುದಿಲ್ಲ, ಪುಡಿಯೂ ಉಳಿದಿರುವುದಿಲ್ಲ. ಘನವಾಗಿದ್ದದ್ದು ನೇರವಾಗಿ ಆವಿಯಾಗಿ ಹೊರಟುಹೋಗಿರುತ್ತದೆ. ಇದೇ ಉತ್ಪತನ.

ಕಾರಣ ಅಣುವಿನಲ್ಲಿದೆ. ಕರ್ಪೂರದ ಒಂದು ಅಣುವಿನಲ್ಲಿ 10 ಇಂಗಾಲ, 16 ಜಲಜನಕ, 1 ಆಮ್ಲಜನಕದ ಪರಮಾಣುಗಳಿವೆ. ಇವು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿವೆ. ಆದರೆ ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವಿನ ಹಿಡಿತ ದುರ್ಬಲ. ಅಣುವಿನ ಆಕಾರವೂ ಹೆಚ್ಚುಕಡಿಮೆ ಗುಂಡಗೆ. ಹಾಗಾಗಿ ಕೋಣೆಯ ಶಾಖದಲ್ಲೇ ಅಣುಗಳು ಮೇಲ್ಮೈಯಿಂದ ಕಳಚಿಕೊಂಡು ಹಾರುತ್ತವೆ. ನಮ್ಮ ಮೂಗಿಗೆ ಬಡಿಯುವ ಘಮ ಆ ಅಣುಗಳದ್ದೇ. ಘನ, ದ್ರವ, ಅನಿಲ ಎಂಬ ಸ್ಥಿತಿಗಳನ್ನು ನಿರ್ಧರಿಸುವುದು ಈ ಹೊರಗಿನ ಹಿಡಿತ. ಒಳಗಿನ ಹಿಡಿತ ಮುರಿದರೆ ವಸ್ತುವೇ ಬೇರೆಯಾಗುತ್ತದೆ.

ಕರ್ಪೂರ ಎಂದೂ ದ್ರವವಾಗುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಅದು ಸರಿಯಲ್ಲ. ಉರಿಯುತ್ತಿರುವ ಬಿಲ್ಲೆಯನ್ನು ಗಮನವಿಟ್ಟು ನೋಡಿ: ಜ್ವಾಲೆಯ ಬುಡದಲ್ಲಿ ಅದು ಕರಗಿ ತಿಳಿಯಾಗಿ ಹರಡಿರುತ್ತದೆ. ಕರಗಲು ಸುಮಾರು 176 ಡಿಗ್ರಿ ಸೆಲ್ಸಿಯಸ್ ಬೇಕು, ಅಷ್ಟೆ. ಇಲ್ಲಿ ಒತ್ತಡದ ಪಾತ್ರವೂ ಇದೆ. ಇಂಗಾಲದ ಡೈಆಕ್ಸೈಡ್ ದ್ರವವಾಗಲು ನಮ್ಮ ಗಾಳಿಯ ಒತ್ತಡದ 5 ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು. ಆದ್ದರಿಂದಲೇ ಅದರ ಮಂಜುಗಡ್ಡೆ ಬಯಲಿನಲ್ಲಿ ಕರಗದೆ ನೇರವಾಗಿ ಅನಿಲವಾಗುತ್ತದೆ. ಕರ್ಪೂರಕ್ಕೆ ಗಾಳಿಯ ಒತ್ತಡದ ಸುಮಾರು ಅರ್ಧದಷ್ಟಿದ್ದರೂ ಸಾಕು.

ಬೆಂಕಿ ತಗುಲಿದಾಗ ಉರಿಯುವುದು ಬಿಲ್ಲೆಯ ಮೇಲಿನ ಆವಿ. ಆಗ ಒಳಗಿನ ಹಿಡಿತ ಮುರಿಯುತ್ತದೆ. ಇಂಗಾಲವೂ ಜಲಜನಕವೂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತವೆ. ಈ ಅಣುವಿನಲ್ಲಿ ಇಂಗಾಲ ಬಹಳ, ಜ್ವಾಲೆಯೊಳಗೆ ಸಿಗುವ ಆಮ್ಲಜನಕ ಸಾಲದು. ಉರಿಯದೆ ಉಳಿದ ಇಂಗಾಲದ ಕಣಗಳು ಕಾದು ಹಳದಿಯಾಗಿ ಹೊಳೆದು, ಮೇಲೇರಿ ಮಸಿಯಾಗುತ್ತವೆ. ಅದಕ್ಕೇ ಗರ್ಭಗುಡಿಯ ಗೋಡೆಗಳಿಗೆ ಆ ಕಪ್ಪು.

ಹೊರಗಿನ ಹಿಡಿತ ಸಡಿಲುವ ಬದಲಾವಣೆಗೂ ಒಳಗಿನ ಹಿಡಿತ ಮುರಿಯುವ ಬದಲಾವಣೆಗೂ ಇರುವ ಅಂತರ ಇಲ್ಲಿ ಕಣ್ಣಿಗೇ ಕಾಣುತ್ತದೆ. ಕರ್ಪೂರವನ್ನು ಬೆಂಕಿ ತಾಗದಂತೆ ಮೆಲ್ಲಗೆ ಬಿಸಿಮಾಡಿ, ಆವಿಗೆ ತಣ್ಣನೆಯ ಪಾತ್ರೆ ಅಡ್ಡ ಹಿಡಿದರೆ ಬಿಳಿ ಹರಳುಗಳು ಮತ್ತೆ ಕೂಡುತ್ತವೆ. ಪ್ರಯೋಗಾಲಯಗಳಲ್ಲಿ ಅದನ್ನು ಶುದ್ಧಗೊಳಿಸುವುದೂ ಹೀಗೆ. (ಮನೆಯ ಒಲೆಯ ಮೇಲೆ ಇದನ್ನು ಮಾಡಬೇಡಿ, ಆವಿಗೆ ಥಟ್ಟನೆ ಬೆಂಕಿ ಹತ್ತುತ್ತದೆ. ಬಿಲ್ಲೆಗಳು ಮಕ್ಕಳ ಕೈಗೂ ಸಿಗಬಾರದು. ನುಂಗಿದರೆ ಅಪಸ್ಮಾರದಂಥ ಸೆಳವು ಬರಬಹುದು.) ಮಸಿಯಿಂದ ಮಾತ್ರ ಕರ್ಪೂರವನ್ನು ಹಿಂದಕ್ಕೆ ಪಡೆಯಲಾಗದು.

ಹಿಂದೆ ಚೀನಾ, ಜಪಾನ್, ತೈವಾನ್‌ಗಳಲ್ಲಿ ಕರ್ಪೂರದ ಮರದ ಚಕ್ಕೆಗಳಿಗೆ ಹಬೆ ಹಾಯಿಸಿ ಅದನ್ನು ತೆಗೆಯುತ್ತಿದ್ದರು. ಇಂದು ಹೆಚ್ಚಿನದು ಪೈನ್ ಮರದ ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಎರಡೂ ಒಂದೇ ರೀತಿ ಉರಿಯುತ್ತವೆ. ಆದರೆ ಮರದ ಕರ್ಪೂರದ ದ್ರಾವಣ ಧ್ರುವೀಕೃತ (ಒಂದೇ ತಲದಲ್ಲಿ ಕಂಪಿಸುವ) ಬೆಳಕಿನ ತಲವನ್ನು ಒಂದು ಕಡೆಗೆ ತಿರುಗಿಸುತ್ತದೆ. ಕಾರ್ಖಾನೆಯದರಲ್ಲಿ ಎಡಗೈ-ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಎರಡು ರೂಪದ ಅಣುಗಳೂ ಸಾಮಾನ್ಯವಾಗಿ ಸಮವಾಗಿ ಬೆರೆತಿರುವುದರಿಂದ ಬೆಳಕು ತಿರುಗದೆ ಹಾಗೆಯೇ ಹಾದುಹೋಗುತ್ತದೆ.