ದನದ ಹಣೆಯೊಳಗಿನ ಟೊಳ್ಳು

ತುಂಬಿದ ಕೊಡವನ್ನೂ ಬರಿಯ ಕೊಡವನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಹೊರಡುವ ನಾದಗಳು ಬೇರೆಬೇರೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ಈ ಭೇದವನ್ನೇ ಆಧಾರವಾಗಿಟ್ಟುಕೊಂಡು ಆಸ್ಟ್ರಿಯದ ವೈದ್ಯ ಔವೆನ್‌ಬ್ರುಗ್ಗರನು ರೋಗಿಯ ಎದೆಯನ್ನು ತಟ್ಟಿ ಪರೀಕ್ಷಿಸುವ ಕ್ರಮವನ್ನು 1761ರಲ್ಲಿ ಪ್ರಕಟಿಸಿದನು. ಪಶುವೈದ್ಯರು ಇಂದಿಗೂ ದನದ ಹಣೆಯನ್ನು ಹೀಗೆಯೇ ತಟ್ಟಿ ನೋಡುತ್ತಾರೆ.

ದನದ ಹಣೆಯ ಮೂಳೆ ಗಟ್ಟಿಯಾದ ಹಲಗೆಯಲ್ಲ. ಅದರ ಎರಡು ಪದರಗಳ ನಡುವೆ ಗಾಳಿ ತುಂಬಿದ ಕುಹರಗಳುಂಟು. ಕರುವಿಗೆ ಕೆಲವು ತಿಂಗಳುಗಳು ತುಂಬಿದ ಮೇಲೆ ಈ ಟೊಳ್ಳು ಕೊಂಬಿನ ಒಳಮೂಳೆಗೂ ಚಾಚಿಕೊಳ್ಳುತ್ತದೆ. ಆದುದರಿಂದ ಬೆಳೆದ ದನದ ಕೊಂಬು ಬುಡದಲ್ಲಿ ಮುರಿದರೆ ಕುಹರದ ಬಾಗಿಲೇ ತೆರೆದಂತಾಗುತ್ತದೆ. ಹೊಟ್ಟು, ಧೂಳು, ಮಳೆನೀರು, ಅವುಗಳೊಡನೆ ಬ್ಯಾಕ್ಟೀರಿಯಗಳು ಒಳಸೇರುತ್ತವೆ. ಮೇಲಿನ ಗಾಯ ಮಾಯ್ದ ಎಷ್ಟೋ ತಿಂಗಳ ಮೇಲೆ ರೋಗ ತಲೆಯೆತ್ತುವುದೂ ಉಂಟು. ದವಡೆಯ ಕುಹರಕ್ಕಾದರೋ, ಸೋಂಕು ಸಾಮಾನ್ಯವಾಗಿ ಕೆಟ್ಟ ಹಲ್ಲಿನಿಂದ ಬರುತ್ತದೆ.

ಒಂದೇ ಹೊಳ್ಳೆಯಿಂದ ದುರ್ನಾತದ ಕೀವು ಸುರಿಯುವುದು ಮುಖ್ಯ ಸೂಚನೆ. ದನವು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ, ಕಣ್ಣನ್ನು ಅರೆಮುಚ್ಚುತ್ತದೆ, ಮೇವು ಬಿಡುತ್ತದೆ, ಗೋಡೆಗೆ ಹಣೆಯೊತ್ತಿ ನಿಲ್ಲುತ್ತದೆ. ಇದನ್ನು ಸೋಮಾರಿತನವೆಂದು ಬಗೆದು ಎತ್ತನ್ನು ಹೊಡೆಯುವವರೂ ಇದ್ದಾರೆ. ಪಾಪ, ಅದಕ್ಕಿರುವುದು ತಲೆನೋವು! ತಟ್ಟಿದಾಗ ಆ ಪಕ್ಕದಲ್ಲಿ ಟೊಳ್ಳುನಾದಕ್ಕೆ ಬದಲು ಮಂದವಾದ ಸದ್ದು ಬರುತ್ತದೆ. ಆದರೆ ನಮ್ಮ ದೇಶದ ಎತ್ತುಗಳಲ್ಲಿ ಕಾಣುವ ಕೊಂಬಿನ ಕ್ಯಾನ್ಸರ್ ಸಹ ಕುಹರವನ್ನು ತುಂಬಬಲ್ಲದು. ಆದ್ದರಿಂದ ಸದ್ದೊಂದನ್ನೇ ನಂಬಿ ನಿರ್ಣಯಿಸಲಾಗದು.

ಬಹುಕಾಲದ ಸೋಂಕು ಇಂಜೆಕ್ಷನ್ ಒಂದರಿಂದಲೇ ಗುಣವಾಗುವುದು ಅಪರೂಪವೇಕೆ? ರಕ್ತದಲ್ಲಿ ಬಂದ ಔಷಧ ಗಟ್ಟಿಗೊಂಡ ಕೀವಿನೊಳಕ್ಕೆ ಚೆನ್ನಾಗಿ ಇಳಿಯದು. ಮೂಗಿನತ್ತ ಇರುವ ಸಹಜ ದಾರಿಯೂ ಕಿರಿದಾಗಿ ಕಟ್ಟಿಕೊಂಡಿರುತ್ತದೆ. ವೈದ್ಯರು ಆ ಸ್ಥಳವನ್ನು ಮರಗಟ್ಟಿಸಿ ಮೂಳೆಗೆ ರಂಧ್ರ ಕೊರೆಯುತ್ತಾರೆ. ಅನೇಕ ವೇಳೆ ಎರಡು ರಂಧ್ರಗಳು ಬೇಕಾಗುತ್ತವೆ. ಕಿರುಬಾಯಿಯ ಸೀಸೆಯನ್ನು ಬೋರಲು ಹಿಡಿದರೆ ನೀರು ಗುಳುಗುಳು ಎಂದು ತಡೆತಡೆದು ಇಳಿಯುತ್ತದೆ. ಬುಡದಲ್ಲಿ ಮತ್ತೊಂದು ತೂತಿದ್ದರೆ ಗಾಳಿ ಒಳನುಗ್ಗಿ ನೀರು ಸರಾಗವಾಗಿ ಹರಿಯುತ್ತದೆ. ಇಲ್ಲಿಯೂ ಹಾಗೆಯೇ. ಮೇಲಿನ ರಂಧ್ರದಿಂದ ಲವಣದ್ರಾವಣವನ್ನೋ ತೆಳುವಾದ ಪೊವಿಡೋನ್ ಅಯೋಡಿನ್ನನ್ನೋ ಹಾಯಿಸಿ ದಿನದಿನವೂ ತೊಳೆಯುತ್ತಾರೆ. ಕೀವು ನಿಲ್ಲುವ ತನಕ ರಂಧ್ರವನ್ನು ಮುಚ್ಚಿಕೊಳ್ಳಗೊಡುವುದಿಲ್ಲ. ನೋವಿನ ಔಷಧವೂ ಆಂಟಿಬಯಾಟಿಕ್ಕೂ ಜೊತೆಗೆ ಬೇಕು. ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಬಳಸತಕ್ಕದ್ದಲ್ಲ. ಕುಹರಕ್ಕೂ ಮಿದುಳಿಗೂ ನಡುವೆ ಇರುವುದು ಮೂಳೆಯ ಗೋಡೆ ಮಾತ್ರ. ಅಲಕ್ಷ್ಯ ಮಾಡಿದರೆ ಸೋಂಕು ಅದನ್ನೂ ದಾಟೀತು.

ಕೊಂಬು ಬೇಡವೆನ್ನುವವರು ಕರುವಿನ ಮೊದಲ ಕೆಲವು ವಾರಗಳಲ್ಲಿಯೇ, ನೋವಾಗದಂತೆ ಮದ್ದು ಕೊಡಿಸಿ, ಕೊಂಬಿನ ಮೊಳಕೆಯನ್ನು ತೆಗೆಸುವುದು ಲೇಸು. ಆಗ ಅದು ತಲೆಬುರುಡೆಗೆ ಬೆಸೆದುಕೊಂಡಿರುವುದಿಲ್ಲ, ಕುಹರವೂ ತೆರೆಯುವುದಿಲ್ಲ.